ನೂರಾ ಎಂಬತ್ತೆಂಟು

ಶಡ್ರಕ್ ತಂದಿಟ್ಟ ಡಬ್ಬಿ
ಅಂಗಡಿಯ ಶಹಾಬಾದಿ ಕಲ್ಲಿನ ಮ್ಯಾಲ
ಎಮ್ಮಿ ಮಲಗಿದಂಗ ಮಲಗಿತ್ತು.
ವಾಲ್ವಿನ ಆಂಪ್ಲಿಫೈಯರು, ಅವನ ಸೋದರಮಾವಂದು,
ವಾಡಿ ಜಂಕ್ಷನ್ನಿನ ರೈಲ್ವೆ ಇನ್‌ಸ್ಟಿಟ್ಯೂಟಿನಾಗ ಹಾಡಿದ್ದು, ಬೆವತಿದ್ದು.
ಜೋಡಿ ಒಂದು ಕ್ಯಾಸೆಟ್ಟು.
"ಫರ್ಜಾನಾ ಬಾಜಿ, ಈ ದನಿ ಬೇಕು.
ಇದರಂಥದು ಅಲ್ಲ. ಇದೇ."

ಕೇಳಿದೆ.
ತಂತಿ ಮೀಟಿದ ಕೂಡಲೇ ಸ್ವರ ಬರಂಗಿಲ್ಲ,
ಹೊಸ್ತಿಲ ಹೊರಗ ಒಂದು ಉಸಿರು ನಿಂತು,
ಚಪ್ಪಲಿ ಬಿಟ್ಟು, ಆಮ್ಯಾಲ ಒಳಗ ಬರ್ತದ.
ಅಂಚಿನಾಗ ತುಸು ಸುಟ್ಟ ರುಚಿ.
ನಡುನಡುವ ಯಾರೋ ಕೆಮ್ಮಿದ್ದು, ಫ್ಯಾನಿನ ಗರಗರ,
ಒಂದು ಗೂಡ್ಸ್ ಗಾಡಿ.

ಹಿಂದಿನ ಹಲಗಿ ಬಿಚ್ಚಿದೆ, ಎಡಗೈ ಬೆನ್ನಿಗೆ ಕಟ್ಟಿಕೊಂಡು.
ಅಬ್ಬಾ ಕಲಿಸಿದ ಮೊದಲ ಪಾಠ ಅದು:
"ಸ್ವಿಚ್ಚು ಆರಿಸಿದ್ರ ಆಯ್ತೇನು?
ಕೆಪಾಸಿಟರಿನಾಗ ನಾಲ್ಕುನೂರು ವೋಲ್ಟು
ಕಣ್ಣು ಮುಚ್ಚಿ ಎಚ್ಚರ ಇರ್ತಾವ, ಬೇಟಿ."

ಒಳಗಿದ್ದವು ಎರಡು ಇಎಲ್ ಮೂವತ್ನಾಲ್ಕು,
ಒಂದರ ಗಾಜಿನೊಳಗ ಬೆಳ್ಳಗ ಪೊರೆ. ಗಾಳಿ ಹೊಕ್ಕದ, ಸತ್ತದ.
ಹೊಸ ಜೋಡಿ ಹೈದರಾಬಾದಿನಿಂದ ತರಿಸಿದೆ,
ಬಯಾಸ್ ಕೂಡಿಸಿದೆ, ಮುಳ್ಳು ನಡುಗದಂಗ.
ಎದಿಯಿಂದ ಗುರ್ರ್ ಅಂತು. ಸಿಟ್ಟಿನ ದನಿ, ನಡುಸ್ವರದಾಗ ಮೀಸಿ.
ಶಡ್ರಕ್ ತಲಿ ಅಲ್ಲಾಡಿಸಿದ:
"ಮಾವ ಹಿಂಗ ಬೈಯೋ ಮನಷ್ಯಾ ಅಲ್ರಿ."

ಸಿಕ್ಸ್ ಎಲ್ ಸಿಕ್ಸ್ ಹಾಕಿದೆ. ತಳ ಅದೇ ಎಂಟು ಕಾಲು, ಗುಣ ಬ್ಯಾರೆ.
ತೊಳೆದ ಸ್ಟೀಲ್ ತಾಟಿನಂಥ ಸದ್ದು,
ಎಷ್ಟು ಏರಿಸಿದರೂ ಒಡೀವಲ್ದು.
"ಇದು ಬ್ಯಾಂಕ್ ಮ್ಯಾನೇಜರು," ಅಂದ.

ಹಂಗಾದರ ಸ್ಪೀಕರು ನೋಡೋಣ.
ಹೊಸದು, ಹನ್ನೆರಡು ಇಂಚು, ಫೆರೈಟ್ ಅಯಸ್ಕಾಂತ:
ಕೋನಿನ ಕಾಗದ ಇನ್ನೂ ಬಿಗಿ, ಮದುವಿ ಮನ್ಯಾಗಿನ ಹೊಸ ಅಳಿಯ.
ಬಂದ್ ಬಿದ್ದ ಟಾಕೀಸಿನ ಪರದಿ ಹಿಂದಿಂದ
ಕಿಲೋ ಲೆಕ್ಕದಾಗ ತಂದ ಹಳೇದು ಒಂದಿತ್ತು, ಅಲ್ನಿಕೋ,
ಅಂಚು ಇಲಿ ತಿಂದಿದ್ದು.
ಪತಂಗದ ಕಾಗದ, ಮೈದಾ ಅಂಟು, ಮೂರು ರಾತ್ರಿ ಹಚ್ಚಿದೆ.
ಎಷ್ಟು ಸಾವಿರ ಸಲ ಅತ್ತು ಮೆತ್ತಗಾದ ಕಾಗದವೋ ಅದು,
ಚೂಪು ಸ್ವರನ ಹಲ್ಲು ಹತ್ತದಂಗ ನುಂಗ್ತಿತ್ತು.
ಓಮ್ ತಾಳೆ ನೋಡಿ ಜೋಡಿಸಿದೆ,
ಮತ್ತ ಮೂವತ್ನಾಲ್ಕು ಹಾಕಿದೆ.
ಶಡ್ರಕ್ ಕಣ್ಣು ಮುಚ್ಚಿದ. ತೆರೆದ.
"ಸಮೀಪ ಬಂದದ," ಅಂದ. "ಆದರ ಇನ್ನೂ
ಮಾವನ ಅಣ್ಣ ಮಾತಾಡಿದಂಗ ಅದ."

ಹನ್ನೊಂದು ದಿನ ಆಗಿದ್ದವು. ಮೇ ತಿಂಗಳು.
ಶಹಾಬಜಾರಿನ ಗ್ವಾಡಿ ಮುಟ್ಟಿದರ ಕೈ ಸುಡ್ತಿತ್ತು.
ಆ ಸಂಜಿ ಏಳಕ್ಕ ಓಣಿಯ ಕೂಲರೆಲ್ಲ ಒಮ್ಮೆಲೆ ಶುರುವಾದವು,
ಎದುರಿನ ದರ್ಜಿದು, ಮ್ಯಾಲಿನ ಹಾಸ್ಟೆಲ್ಲಿನವು ಹದಿನಾರು,
ಬರ್ಫಿನ ಕಾರ್ಖಾನಿ ಬ್ಯಾರೆ.
ಟ್ಯೂಬ್‌ಲೈಟು ಮಿಟುಕಿತು, ಹತ್ತಲಿಲ್ಲ.
ಗ್ವಾಡಿ ಮೀಟರಿನ ಮುಳ್ಳು ಇಳೀತು, ಇಳೀತು,
ನೂರಾ ಎಂಬತ್ತೆಂಟಕ್ಕ ಕುಂತಿತು.
ವಾಲ್ವಿನ ಕಿತ್ತಳೆ ಬೆಳಕು ಮಬ್ಬಾಗಿ ಇಟ್ಟಂಗಿಗೆ ತಿರುಗಿತು.
"ಬಂದ್ ಮಾಡ್ರಿ, ಸುಟ್ಟೀತು," ಅಂದೋರು ಯಾರೋ.
ಅಷ್ಟರಾಗ ಅವನ ಬೆರಳು ತಂತಿ ಮ್ಯಾಲ ಇತ್ತು.

ಸ್ವರ ಬಂತು.
ಹೊಸ್ತಿಲ ಹೊರಗ ನಿಂತು,
ಚಪ್ಪಲಿ ಬಿಟ್ಟು.

ಇಬ್ಬರೂ ಮಾತಾಡಲಿಲ್ಲ. ಕ್ಯಾಸೆಟ್ಟಿನ ಮೈ ತಿರುವಿ ನೋಡಿದೆ,
ಪೆನ್ಸಿಲಿನಾಗ, ಅರ್ಧ ಅಳಿಸಿದ್ದು: ಮೇ, ಶನಿವಾರ, ಸಂಜಿ.
ಆ ಊರೂ ಅವತ್ತು ಹಿಂಗೇ ಸೆಕಿಗೆ ನರಳತಿದ್ದಿರಬೇಕು,
ಕ್ವಾರ್ಟರ್ಸಿನ ಫ್ಯಾನೆಲ್ಲ ಕರೆಂಟು ಹೀರಿ
ಉಳಿದದ್ದು ಅವನ ಮಾವನ ಗಿಟಾರಿಗೆ ಸಿಕ್ಕಿರಬೇಕು.

ಬಿಲ್ಲಿನಾಗ ಬರದೆ: ವಾಲ್ವು ಒಂದು ಜೋಡಿ,
ಸ್ಪೀಕರ್ ರಿಪೇರಿ, ಅಂಟು, ತಂತಿ.
ಕೂಲರುಗಳಿಗೆ ಏನೂ ಹಾಕಲಿಲ್ಲ.

ಐತವಾರ ಮುಂಜಾನಿ ಚರ್ಚಿನಿಂದ ಫೋನು,
ಹಿಂದ ಕೂಸುಗಳ ಗದ್ದಲ:
"ಬಾಜಿ, ಇಲ್ಲಿ ಎರಡುನೂರಾ ನಲವತ್ತು ಅದ,
ಮಾವ ಇಸ್ತ್ರಿ ಹಾಕ್ಕೊಂಡು ಬಂದಂಗ ಅದ,
ಏನ್ ಮಾಡ್ಲಿ?"
ಪಾದ್ರಿಯವರಿಗೆ ಹೇಳು, ಅಂದೆ,
ಮೇ ಮುಗಿಯೋತನ
ಪ್ರಾರ್ಥನಾ ಸಂಜಿ ಏಳಕ್ಕ ಇಡ್ಲಿ.